ಅಂಗಡಿಗೆ ಹೊರಟಾಗ ಅಳುವ ನಾಯಿ

ಈ ತಿಂಗಳ ವಿಷಯ ಕೇಳಿ ಕೆಲವು ಹಿರಿಯರಿಗೆ ನಗು ಬರಬಹುದು. ಮಕ್ಕಳ ವಿದ್ಯಾಭ್ಯಾಸ, ಹೆಣ್ಣು-ಗಂಡುಗಳ ಸಂಬಂಧ, ವ್ರತ-ನಿಯಮ, ಬಸದಿಯ ಜೀರ್ಣೋದ್ಧಾರ ಎಂದು ಮಾತಾಡಲು ಇಷ್ಟೆಲ್ಲ ಇರುವಾಗ ನಾಯಿಯ ಸುದ್ದಿ ಏಕೆ ಎಂದು ಕೇಳಬಹುದು. ಆದರೆ ಮಂಜೇಶ್ವರದಿಂದ ಹಿಡಿದು ಕಾಸರಗೋಡು, ಹೊಸದುರ್ಗದವರೆಗೆ ನಮ್ಮ ವ್ಯಾಪಾರಸ್ಥ ಮನೆಗಳ ಹೆಂಗಸರು ಸೇರಿದಲ್ಲಿ ಈ ಮಾತು ಬಂದೇ ಬರುತ್ತದೆ. "ನಾವು ಮನೆ ಬಿಟ್ಟರೆ ಸಾಕು, ನಾಯಿ ಊಳಿಡುತ್ತದೆ. ಬಾಗಿಲು ಗೀರಿ ಗೀರಿ ಮರ ಎದ್ದುಹೋಗಿದೆ. ಅಷ್ಟು ಬುದ್ಧಿವಂತ ನಾಯಿ ಈಗ ಚಾವಡಿಯಲ್ಲೇ ಗಲೀಜು ಮಾಡುತ್ತದೆ. ನೆರೆಮನೆಯವರಿಗೆ ಮುಖ ತೋರಿಸುವಂತಿಲ್ಲ" ಎಂದು ಹೇಳಿಕೊಳ್ಳುತ್ತಾರೆ.

ಈ ದೂರು ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನೋಡಿದರೆ ನಗುವ ವಿಷಯವಲ್ಲ. ಮೊದಲ ವಾರ ಗದರಿಕೆ. ಎರಡನೆಯ ವಾರ ಬೆತ್ತ. ಮೂರನೆಯ ವಾರ ಸರಪಳಿ ಒಂದು ಮೊಳ ಗಿಡ್ಡ. ಆಮೇಲೆ ಒಂದು ದಿನ ಗೋಣಿಚೀಲದಲ್ಲಿ ಹಾಕಿ ದೂರದ ಪೇಟೆಯ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುವುದು. ಅಲ್ಲಿ ಹೇಗೂ ತಿನ್ನಲು ಸಿಗುತ್ತದೆ ಎಂಬ ಸಮಾಧಾನ ಬೇರೆ. ನೀರು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗೆ ಇದು ಒಪ್ಪುತ್ತದೆಯೇ? ಮಾತು ಗೋಣಿಚೀಲದವರೆಗೆ ಹೋಗಬೇಕಾಗಿಲ್ಲ. ತಾಳ್ಮೆಯಿದ್ದರೆ ಕೆಲವು ವಾರಗಳಲ್ಲಿ ನಾಯಿಗೆ ಒಂಟಿಯಾಗಿರುವುದನ್ನು ಕಲಿಸಬಹುದು. ಅದು ಹೇಗೆ ಎಂಬುದೇ ಈ ಸಲದ ವಿಚಾರ.

ಗಡಿ ಮುಚ್ಚಿದ ವರ್ಷ

ಹಿಂದೆ ಇಲ್ಲದ ಈ ತೊಂದರೆ ನಮ್ಮ ಕಡೆ ಎದ್ದು ಕಂಡದ್ದು ಕೊರೋನಾ ಕಾಲದ ಬಳಿಕ. 2020ರ ಫೆಬ್ರವರಿ 3ರಂದು ದೇಶದ ಮೂರನೆಯ ಕೊರೋನಾ ಪ್ರಕರಣ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ಪತ್ತೆಯಾಯಿತು. ಮಾರ್ಚ್ ಕೊನೆಯ ವಾರದಲ್ಲಿ ದೇಶವಿಡೀ ಲಾಕ್‌ಡೌನ್. ಅದರ ಜೊತೆಗೆ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿತು. ಕೆಲವು ಒಳದಾರಿಗಳಿಗೆ ಮಣ್ಣು ಸುರಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ಕಷ್ಟಕ್ಕೆ ಸಿಲುಕಿದರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಮನೆ ಉಪ್ಪಳ, ಕುಂಬಳೆಗಳಲ್ಲಿ, ಅಂಗಡಿ ಮಂಗಳೂರಿನಲ್ಲಿ ಎಂಬಂಥವರು ತಮ್ಮ ಅಂಗಡಿಯ ಬೀಗ ನೋಡಲೂ ಹೋಗುವಂತಿರಲಿಲ್ಲ.

ಆ ದಿನಗಳಲ್ಲಿ ಮನೆಯ ನಾಯಿಗೆ ಏನಾಯಿತು ಎಂದು ಯೋಚಿಸಿ. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಬರುತ್ತಿದ್ದ ಯಜಮಾನರು ಇಡೀ ದಿನ ಜಗಲಿಯಲ್ಲಿ. ಮಕ್ಕಳು ಅಂಗಳದಲ್ಲಿ. ಕೇರಳದ ಶಾಲೆಗಳು 2020ರ ಮಾರ್ಚಿನಲ್ಲಿ ಮುಚ್ಚಿದವು ಪುನಃ ಬಾಗಿಲು ತೆರೆದದ್ದು 2021ರ ನವೆಂಬರ್ 1ಕ್ಕೆ. ಹೆಚ್ಚುಕಡಿಮೆ ಇಪ್ಪತ್ತು ತಿಂಗಳು! ಮಕ್ಕಳಿಗೆ ಹೊತ್ತು ಹೋಗಲಿ ಎಂದು ಆ ಅವಧಿಯಲ್ಲಿ ಮರಿ ತಂದವರು ಅನೇಕರು. ಆ ಮರಿಗಳು ಬೆಳೆದು ದೊಡ್ಡವಾಗುವವರೆಗೆ ಬರಿದಾದ ಮನೆ ಹೇಗಿರುತ್ತದೆ ಎಂಬುದನ್ನೇ ಕಾಣಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಎಲ್ಲರೂ ಒಮ್ಮೆಲೇ ಎದ್ದು ಹೋದರೆ ಅವು ಹೆದರದೆ ಇನ್ನೇನು ಮಾಡಬೇಕು?

ಲಾಕ್‌ಡೌನ್ ಮುಗಿದ ಮಾತು ನಿಜ. ಆದರೆ ಅದರ ಚಿಕ್ಕ ಪ್ರತಿ ನಮ್ಮ ಮನೆಗಳಲ್ಲಿ ವರ್ಷಕ್ಕೆ ಮೂರು ನಾಲ್ಕು ಸಲ ನಡೆಯುತ್ತದೆ. ಏಪ್ರಿಲ್-ಮೇ ರಜೆಯಲ್ಲಿ ಮಕ್ಕಳೂ ಮೊಮ್ಮಕ್ಕಳೂ ಎರಡು ತಿಂಗಳು ನಾಯಿಯ ಜೊತೆ ಆಡುತ್ತಾರೆ. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಹೊತ್ತಿಗೇ ಮಳೆಯೂ ಹಿಡಿಯುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ಖಾಲಿ ಮನೆ, ಮೇಲೆ ತಗಡಿನ ಮಾಡಿನ ಮೇಲೆ ಮಳೆಯ ಸದ್ದು. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಬೇಗ ಅಂಗಡಿ ಮುಚ್ಚಿ ಮನೆ ಸೇರುವವರಿದ್ದಾರೆ. ಬಾಣಂತನಕ್ಕೆ ಬಂದ ಮಗಳು ಐದು ತಿಂಗಳಿದ್ದು ಹೋಗುತ್ತಾಳೆ. ಕಾಲು ಮುರಿದ ಅಜ್ಜ ಮೂರು ತಿಂಗಳು ಮನೆಯಲ್ಲಿದ್ದು ಮತ್ತೆ ಗಲ್ಲದ ಮುಂದೆ ಕೂರುತ್ತಾರೆ. ಪ್ರತಿ ಸಲವೂ ಬಿಟ್ಟುಹೋಗುವವರಿಗೆ ಕಾರಣ ಗೊತ್ತಿರುತ್ತದೆ, ಉಳಿದುಕೊಂಡ ನಾಯಿಗೆ ಗೊತ್ತಿರುವುದಿಲ್ಲ.

ಇಷ್ಟವಿಯೋಗ

ಪಾಠಶಾಲೆಯಲ್ಲಿ ಕಲಿತ ಎರಡು ಮಾತುಗಳನ್ನು ಇಲ್ಲಿ ನೆನಪಿಸಿಕೊಳ್ಳೋಣ. ಜೀವಗಳ ವಿಂಗಡಣೆಯಲ್ಲಿ ನಾಯಿ ಸಂಜ್ಞಿ ಪಂಚೇಂದ್ರಿಯ ತಿರ್ಯಂಚ. ಐದು ಇಂದ್ರಿಯಗಳಲ್ಲದೆ ಅದಕ್ಕೆ ಮನಸ್ಸೂ ಉಂಟು. ಮನಸ್ಸಿದ್ದ ಮೇಲೆ ನೆನಪು ಉಂಟು, ನಿರೀಕ್ಷೆ ಉಂಟು, ಭಯ ಉಂಟು. ಇನ್ನೊಂದು ಮಾತು ಆರ್ತಧ್ಯಾನದ್ದು. ತತ್ತ್ವಾರ್ಥಸೂತ್ರವು ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ಹೇಳುವಾಗ ಅದರಲ್ಲಿ ಒಂದನ್ನು ಇಷ್ಟವಾದುದರ ವಿಯೋಗಕ್ಕೆ ಮೀಸಲಿಟ್ಟಿದೆ. ಪ್ರಿಯವಾದದ್ದು ದೂರವಾದಾಗ ಅದು ಮತ್ತೆ ಸಿಗಲಿ, ಸಿಗಲಿ ಎಂದು ಮನಸ್ಸು ಅದನ್ನೇ ಸುತ್ತುವುದು ಇಷ್ಟವಿಯೋಗದ ಆರ್ತಧ್ಯಾನ. ಪಶುವೈದ್ಯರು ಇಂದು ವಿಯೋಗದ ಆತಂಕ ಎಂದು ಕರೆಯುವ ಸ್ಥಿತಿಗೂ ಇದಕ್ಕೂ ಬಹಳ ಅಂತರವಿಲ್ಲ. ಬಾಗಿಲ ಬಳಿ ಊಳಿಡುವ ನಾಯಿ ಹಟ ಮಾಡುತ್ತಿಲ್ಲ, ಸೇಡು ತೀರಿಸಿಕೊಳ್ಳುತ್ತಿಲ್ಲ. ಅದು ಸಂಕಟಪಡುತ್ತಿದೆ.

ನಾಯಿಯ ಸಂಕಟಕ್ಕೆ ಬೆಲೆ ಕೊಡುವುದು ನಮ್ಮ ಪುರಾಣಗಳಿಗೆ ಹೊಸದಲ್ಲ. ಜೀವಂಧರ ಕುಮಾರನ ಕಥೆ ಮಕ್ಕಳಿಗೂ ಗೊತ್ತು. ಆಹಾರ ಮುಟ್ಟಿತೆಂದು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಆತ ಪಂಚನಮಸ್ಕಾರ ಮಂತ್ರ ಹೇಳಿದ. ಆ ಜೀವ ಸುದರ್ಶನ ಯಕ್ಷನಾಗಿ ಹುಟ್ಟಿ ಉಪಕಾರ ಮರೆಯದೆ ಅವನ ಕಷ್ಟಕಾಲದಲ್ಲಿ ನೆರವಾಯಿತು. ಕನ್ನಡದಲ್ಲಿ ಭಾಸ್ಕರ ಕವಿ 1424ರಷ್ಟು ಹಿಂದೆಯೇ ಈ ಕಥೆಯನ್ನು ಷಟ್ಪದಿಯಲ್ಲಿ ಹಾಡಿದ್ದಾನೆ.

ಜೈನರ ಮನೆಯಲ್ಲಿ ನಾಯಿ ಸಾಕಬಾರದು ಎನ್ನುವ ಹಿರಿಯರೂ ಇದ್ದಾರೆ. ಅದರ ಆಹಾರದ ಪ್ರಶ್ನೆ ಇದೆ, ಅದು ಹಿಡಿದು ತಿನ್ನುವ ಜೀವಗಳ ಪ್ರಶ್ನೆ ಇದೆ. ಅವರ ಮಾತು ತೆಗೆದುಹಾಕುವಂಥದ್ದಲ್ಲ. ತರುವ ಮೊದಲು ನೂರು ಸಲ ಯೋಚಿಸಬೇಕು. ಆದರೆ ತಂದಾದ ಮೇಲೆ ಅದು ಮನೆಯ ಹೊಣೆ. ಹತ್ತು ಹನ್ನೆರಡು ವರ್ಷ ಬದುಕುವ ಜೀವವನ್ನು ರಜೆಯ ಆಟಿಕೆಯಂತೆ ನೋಡಲಾಗದು.

ಮೊದಲು ಗುರುತಿಸಿ

ಬೊಗಳುವ ನಾಯಿಯೆಲ್ಲ ವಿಯೋಗದಿಂದ ಬೊಗಳುವುದಿಲ್ಲ. ಬೇಸರಕ್ಕೆ ಚಪ್ಪಲಿ ಕಚ್ಚುವ ಮರಿ ಬೇರೆ, ಗೇಟಿನ ಹೊರಗೆ ಹೋಗುವವರನ್ನು ಕಂಡು ಬೊಗಳುವ ನಾಯಿ ಬೇರೆ, ಮೂತ್ರದ ತೊಂದರೆಯಿಂದ ಒಳಗೇ ಗಲೀಜು ಮಾಡುವ ಮುದಿ ನಾಯಿ ಬೇರೆ. ಆತಂಕದ ನಾಯಿಯ ಲಕ್ಷಣ ಸಾಮಾನ್ಯವಾಗಿ ನಾವು ಹೊರಟ ಮೊದಲ ಅರ್ಧ ಗಂಟೆಯೊಳಗೇ ಕಾಣುತ್ತದೆ. ಊಳಿಡುವುದು, ಅತ್ತಿಂದಿತ್ತ ಸುತ್ತುವುದು, ಏದುಸಿರು, ಜೊಲ್ಲು, ನಾವು ದಾಟಿಹೋದ ಬಾಗಿಲನ್ನೇ ಗೀರುವುದು, ಇಟ್ಟ ತಿಂಡಿಯನ್ನು ಮೂಸಿಯೂ ನೋಡದಿರುವುದು. ಮನೆಯಲ್ಲಿರುವ ಹಳೆಯ ಮೊಬೈಲನ್ನು ಕಪಾಟಿನ ಮೇಲಿಟ್ಟು ವಿಡಿಯೋ ತೆಗೆದರೆ ನಿಜಸ್ಥಿತಿ ತಿಳಿಯುತ್ತದೆ. ಆ ವಿಡಿಯೋವನ್ನು ನಿಮ್ಮ ಪಂಚಾಯತಿನ ಮೃಗಾಸ್ಪತ್ರೆಯ ವೈದ್ಯರಿಗೆ ತೋರಿಸಿ. ದೇಹದಲ್ಲಿ ಬೇರೆ ರೋಗವಿಲ್ಲ ಎಂಬುದು ಮೊದಲು ಖಚಿತವಾಗಬೇಕು.

"ನಾವು ಬಂದೊಡನೆ ತಲೆ ತಗ್ಗಿಸುತ್ತದೆ, ಅದಕ್ಕೆ ತಪ್ಪು ಮಾಡಿದ್ದು ಗೊತ್ತು" ಎನ್ನುವವರಿಗೆ ಒಂದು ಮಾತು. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ತಪ್ಪು ಮಾಡದ ನಾಯಿಗಳೂ ಯಜಮಾನ ಗದರಿದಾಗ ಅದೇ ತಪ್ಪಿತಸ್ಥ ಮುಖ ಮಾಡಿದವು. ಅಂದರೆ ಆ ಮುಖ ನಮ್ಮ ಸಿಟ್ಟಿಗೆ ಕೊಟ್ಟ ಉತ್ತರ, ತಪ್ಪಿನ ಒಪ್ಪಿಗೆಯಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಗೀರಿದ ಬಾಗಿಲಿಗೆ ಸಂಜೆ ಆರಕ್ಕೆ ಹೊಡೆದರೆ ನಾಯಿ ಕಲಿಯುವುದು ಒಂದೇ ಪಾಠ: ಯಜಮಾನರು ಹೋಗುವುದೂ ಭಯ, ಬರುವುದೂ ಭಯ.

ಉದ್ರಿಯ ಲೆಕ್ಕ

ನಮ್ಮ ಓದುಗರು ವ್ಯಾಪಾರಸ್ಥರು. ಆದ್ದರಿಂದ ವ್ಯಾಪಾರದ ಮಾತಿನಲ್ಲೇ ಹೇಳುತ್ತೇವೆ. ಗುರುತಿಲ್ಲದ ಗಿರಾಕಿ ಬಂದು ಮೊದಲ ದಿನವೇ ಐವತ್ತು ಸಾವಿರದ ಸರಕು ಉದ್ರಿ ಕೇಳಿದರೆ ನಾವು ಕೊಡುತ್ತೇವೆಯೇ? ಐನೂರರಿಂದ ಶುರು. ಹೇಳಿದ ದಿನ ತಂದುಕೊಟ್ಟರೆ ಸಾವಿರ. ಅದೂ ಸರಿಯಾದರೆ ಎರಡು ಸಾವಿರ. ಹೀಗೆ ವಿಶ್ವಾಸ ಬೆಳೆಯುತ್ತದೆ. ನಾಯಿಯ ಅಂಗಡಿಯಲ್ಲಿ ಗಿರಾಕಿಗಳು ನಾವೇ. ಅದರಿಂದ ನಾವು ಉದ್ರಿ ಪಡೆಯುವುದು ಹೊತ್ತು, ತೀರಿಸುವುದು ಮರಳಿ ಬರುವುದರಿಂದ. ಎರಡು ತಿಂಗಳು ಜೊತೆಗಿದ್ದು ಮೊದಲ ದಿನವೇ ಒಂಬತ್ತು ಗಂಟೆ ಉದ್ರಿ ತೆಗೆದುಕೊಂಡರೆ ಪಾರ್ಟಿ ಊರು ಬಿಟ್ಟು ಓಡಿಹೋದ ಎಂದೇ ಅದು ತಿಳಿಯುತ್ತದೆ.

ಆದ್ದರಿಂದ ಪಾಠ ಶುರುವಾಗಬೇಕಾದದ್ದು ಎಲ್ಲರೂ ಮನೆಯಲ್ಲಿರುವಾಗಲೇ. ಶಾಲೆ ಜೂನ್‌ನಲ್ಲಿ ಆರಂಭವಾಗುವುದಾದರೆ ಮೇ ಮೊದಲ ವಾರ ಒಳ್ಳೆಯ ಮುಹೂರ್ತ.

ಮೊದಲ ಹೆಜ್ಜೆ ಒಂದೇ ಮನೆಯೊಳಗೆ ದೂರವಿರುವುದು. ಬೆನ್ನು ಬಿಡದೆ ಅಡುಗೆಮನೆ, ಬಾವಿಕಟ್ಟೆ ಎಂದು ಹಿಂಬಾಲಿಸುವ ನಾಯಿಗೆ ಚಾವಡಿಯಲ್ಲಿ ಒಂದು ಚಾಪೆ ಹಾಕಿ ಅದರದೇ ಜಾಗ ಮಾಡಿಕೊಡಿ. ಅದು ಅಲ್ಲಿ ಸುಮ್ಮನೆ ಮಲಗಿದಾಗ ಹೋಗಿ ತಲೆ ಸವರಿ. ಅದು ಬಂದು ಅಂಟಿಕೊಂಡಾಗ ಮಾತ್ರ ಮುದ್ದಿಸಿದರೆ ಅಂಟಿಕೊಳ್ಳುವುದನ್ನೇ ಕಲಿಯುತ್ತದೆ. ನಡುವಿನ ಬಾಗಿಲನ್ನು ಒಂದು ನಿಮಿಷ ಓರೆ ಮಾಡಿ, ತೆರೆಯಿರಿ. ನಾಳೆ ಎರಡು ನಿಮಿಷ.

ಎರಡನೆಯದು ಹೊರಡುವ ಗುರುತುಗಳನ್ನು ಸಪ್ಪೆ ಮಾಡುವುದು. ಬರಿಗಾಲಲ್ಲಿ, ಕೈಯಲ್ಲಿ ಅಷ್ಟದ್ರವ್ಯದ ತಟ್ಟೆ ಹಿಡಿದು ಬಸದಿಗೆ ಹೊರಟವರನ್ನು ನಾಯಿ ಸುಮ್ಮನೆ ನೋಡುತ್ತದೆ. ಅರ್ಧ ಗಂಟೆಯಲ್ಲಿ ಬರುತ್ತಾರೆ ಎಂಬುದು ಅದಕ್ಕೆ ಗೊತ್ತು. ಅದೇ ಅಂಗಡಿಯ ಬೀಗದಕೈ ಗೊಂಚಲು ಸದ್ದಾದರೆ, ಹೆಲ್ಮೆಟ್ ಮೊಳೆಯಿಂದ ಇಳಿದರೆ, ಕೊಡೆ ಬಿಡಿಸಿದರೆ ಎದೆ ಹೊಡೆದುಕೊಳ್ಳಲು ಶುರು. ಹೀಗಾಗಿ ದಿನಕ್ಕೆ ಐದಾರು ಸಲ ಸುಮ್ಮನೆ ಬೀಗದಕೈ ತೆಗೆದುಕೊಳ್ಳಿ, ಮತ್ತೆ ಕುಳಿತು ಪೇಪರ್ ಓದಿ. ಚಪ್ಪಲಿ ಮೆಟ್ಟಿ ಜಗಲಿಯವರೆಗೆ ಹೋಗಿ ಬನ್ನಿ. ಕೆಲವು ದಿನಗಳಲ್ಲಿ ಆ ಸದ್ದಿಗೆ ಅರ್ಥವೇ ಉಳಿಯುವುದಿಲ್ಲ.

ಮೂರನೆಯದು ನಿಜವಾದ ಉದ್ರಿ. ಬಾಗಿಲು ಹಾಕಿಕೊಂಡು ಹೊರಗೆ ಹೋಗಿ ಹತ್ತು ಸೆಕೆಂಡಿನಲ್ಲಿ ಬನ್ನಿ. ಆಮೇಲೆ ಮೂವತ್ತು ಸೆಕೆಂಡು, ಒಂದು ನಿಮಿಷ, ಎರಡು, ಐದು. ಅದು ಅಳಲು ತೊಡಗುವ ಮೊದಲೇ ಮರಳಬೇಕು ಎಂಬುದೇ ಇಲ್ಲಿನ ಮುಖ್ಯ ನಿಯಮ. ಐದು ನಿಮಿಷಕ್ಕೆ ಅತ್ತರೆ ನಾಳೆ ಎರಡು ನಿಮಿಷಕ್ಕೆ ಇಳಿಯಿರಿ, ನಾಚಿಕೆ ಇಲ್ಲ. ಏರಿಸುತ್ತಲೇ ಹೋಗಬೇಡಿ. ಹತ್ತು ನಿಮಿಷದ ನಡುವೆ ಮೂರು, ಏಳು ಎಂದು ಬೆರೆಸಿ. ಎಲ್ಲಕ್ಕಿಂತ ಕಷ್ಟದ ಹೊತ್ತು ಮೊದಲ ಅರ್ಧ-ಮುಕ್ಕಾಲು ಗಂಟೆ. ಅದನ್ನು ಶಾಂತವಾಗಿ ಕಳೆದ ನಾಯಿಗೆ ಒಂದೂವರೆ ಗಂಟೆ, ಆಮೇಲೆ ಅರ್ಧ ದಿನ ಎಂದು ದೊಡ್ಡ ಹೆಜ್ಜೆ ಇಡಬಹುದು. ಕೆಲವು ನಾಯಿಗಳಿಗೆ ಎರಡು ವಾರ ಸಾಕು, ಕೆಲವಕ್ಕೆ ಎರಡು ತಿಂಗಳು ಬೇಕು. ನಾವು ಮಕ್ಕಳಿಗೆ ಒಮ್ಮೆಗೇ ಉಪವಾಸ ಹೇಳುತ್ತೇವೆಯೇ? ಮೊದಲು ರಾತ್ರಿಭೋಜನ ತ್ಯಾಗ, ಮುಂದೆ ಒಂದು ಹೊತ್ತಿನ ಊಟ, ಬೆಳೆದ ಮೇಲೆ ಉಪವಾಸ. ಇದೂ ಹಾಗೆಯೇ.

ಈ ಅಭ್ಯಾಸ ನಡೆಯುವ ದಿನಗಳಲ್ಲಿ ನಾಯಿಯನ್ನು ಅಳುವಷ್ಟು ಹೊತ್ತು ಒಂಟಿಯಾಗಿ ಬಿಡದಿರುವುದು ಮುಖ್ಯ. ಒಂದು ದಿನದ ದೊಡ್ಡ ಹೆದರಿಕೆ ವಾರದ ಗಳಿಕೆಯನ್ನು ತಿಂದುಹಾಕುತ್ತದೆ. ಇಲ್ಲಿ ನಮ್ಮ ಮನೆಗಳಿಗೆ ಒಂದು ಅನುಕೂಲವಿದೆ. ಅಂಗಡಿ ನಮ್ಮದೇ. ಅಣ್ಣ ಎಂಟಕ್ಕೆ ಹೋದರೆ ತಮ್ಮ ಹತ್ತಕ್ಕೆ ಹೋಗಬಹುದು. ಮಧ್ಯಾಹ್ನ ಊಟಕ್ಕೆ ಒಬ್ಬರು ಮನೆಗೆ ಬರಬಹುದು. ದೊಡ್ಡಮ್ಮನ ಮನೆ, ಚಿಕ್ಕಪ್ಪನ ಮನೆ ಹತ್ತಿರದಲ್ಲಿದ್ದರೆ ಎರಡು ಗಂಟೆ ಅಲ್ಲಿರಬಹುದು. ಸಾಧು ನಾಯಿಯಾದರೆ ಗೋದಾಮಿನ ನೆರಳಲ್ಲೂ ಮಲಗಿದ್ದೀತು. ಪಾಠ ಕಲಿತ ದೊಡ್ಡ ನಾಯಿಯನ್ನೂ ಒಂದೇ ಸಮನೆ ನಾಲ್ಕು ಗಂಟೆಗಿಂತ ಹೆಚ್ಚು ಒಂಟಿಯಾಗಿ ಬಿಡದಿದ್ದರೆ ಒಳ್ಳೆಯದು. ಮರಿಗಳಿಗೆ ಅಷ್ಟೂ ಸಲ್ಲದು.

ಹೊರಡುವ ಹೊತ್ತು, ಬರುವ ಹೊತ್ತು

ಹೊರಡುವ ಮೊದಲು ಅರ್ಧ ಗಂಟೆ ನಡೆದಾಡಿಸಿ. ದಣಿದ ನಾಯಿ ಮಲಗುತ್ತದೆ. ಬೆಳಗಿನ ಆಹಾರವನ್ನು ಎದ್ದ ಕೂಡಲೇ ಕೊಡದೆ ಹೊರಡುವ ಹೊತ್ತಿಗೆ ಕೊಡಿ. ಅದನ್ನೂ ತಟ್ಟೆಗೆ ಸುರಿಯುವ ಬದಲು ದೋಸೆಯ ತುಂಡು, ಒಣ ರೊಟ್ಟಿಯ ಚೂರುಗಳನ್ನು ಚಾವಡಿಯ ನಾಲ್ಕು ಮೂಲೆಗಳಲ್ಲಿ ಅಡಗಿಸಿಟ್ಟರೆ ಮೂಸಿ ಹುಡುಕುವುದರಲ್ಲೇ ಕಷ್ಟದ ಮೊದಲ ಹೊತ್ತು ಕಳೆಯುತ್ತದೆ. ಮೊಸರನ್ನ ತುಂಬಿಡಲು ಗಟ್ಟಿ ರಬ್ಬರಿನ ಟೊಳ್ಳು ಆಟಿಕೆಗಳು ಪೇಟೆಯಲ್ಲಿ ಸಿಗುತ್ತವೆ. ನೀರಿನ ಪಾತ್ರೆ ಯಾವಾಗಲೂ ತುಂಬಿರಲಿ.

ಆಹಾರದ ಮಾತು ಬಂದಾಗ ಎಚ್ಚರಿಕೆಯನ್ನೂ ಹೇಳಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ನಮ್ಮ ಅಡುಗೆಮನೆಗೆ ಈ ಒಂದು ಭಯ ಕಡಿಮೆ. ಆದರೆ ಪಾಯಸದ ಒಣದ್ರಾಕ್ಷಿ, ಮಕ್ಕಳ ಚಾಕೊಲೇಟ್ ಕೂಡ ಅಪಾಯಕಾರಿ. ತೋಟದ ಮನೆಯವರು ಅಡಕೆ ಒಣಗಿಸುವ ಅಂಗಳದಲ್ಲಿ ನಾಯಿಯನ್ನು ಒಂಟಿಯಾಗಿ ಬಿಡಬಾರದು. ಅಡಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ತ್ವವನ್ನು ಹಿಂದೆ ನಾಯಿಗಳ ಹೊಟ್ಟೆಹುಳಕ್ಕೆ ಮದ್ದಾಗಿ ಕೊಡುತ್ತಿದ್ದರು. ಪ್ರಮಾಣ ಮೀರಿದರೆ ಅದೇ ವಾಂತಿ, ಜೊಲ್ಲು, ನಡುಕಕ್ಕೆ ಕಾರಣವಾಗುತ್ತದೆ. ಬೇಸರಗೊಂಡ ನಾಯಿ ಸಿಕ್ಕಿದ್ದನ್ನೆಲ್ಲ ಜಗಿಯುತ್ತದೆ ಎಂಬುದು ನೆನಪಿರಲಿ.

ಹೊರಡುವಾಗ ಕಣ್ಣೀರಿನ ಬೀಳ್ಕೊಡುಗೆ ಬೇಡ. ನಮ್ಮಲ್ಲಿ ಮನೆಯಿಂದ ಹೊರಡುವವರು "ಹೋಗುತ್ತೇನೆ" ಎನ್ನುವುದಿಲ್ಲ, "ಹೋಗಿ ಬರುತ್ತೇನೆ" ಎನ್ನುತ್ತಾರೆ. ನಾಯಿಗೂ ಅದೇ ಒಂದು ಮಾತನ್ನು ದಿನವೂ ಒಂದೇ ದನಿಯಲ್ಲಿ ಹೇಳಿ ನಡೆಯಿರಿ. ಮರಳಿದಾಗಲೂ ಅದು ಕುಣಿಯುವುದು ನಿಂತು ನಾಲ್ಕೂ ಕಾಲು ನೆಲಕ್ಕೆ ಬಂದ ಮೇಲೆ ಮಾತಾಡಿಸಿ. ಇದು ನಿಷ್ಠುರವಲ್ಲ. ಜಪಾನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ನಾಯಿ ಮತ್ತು ಯಜಮಾನ ಒಬ್ಬರನ್ನೊಬ್ಬರು ನೋಡುತ್ತ ಕುಳಿತಾಗ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಎಂಬ ರಸ ಏರಿತ್ತು. ತಾಯಿ-ಮಗುವಿನ ವಾತ್ಸಲ್ಯಕ್ಕೆ ಸಂಬಂಧಿಸಿದ ರಸ ಅದು. ಇಷ್ಟು ಆಳವಾದ ಬಂಧ ಒಂದೆರಡು ನಿಮಿಷದ ಸಂಯಮದಿಂದ ಸಡಿಲವಾಗುವುದಿಲ್ಲ.

ಅತಿಚಾರ ಆಗದಿರಲಿ

ಇನ್ನು ಮಾಡಬಾರದ್ದು. ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳನ್ನು ದಶಲಕ್ಷಣದ ಪ್ರವಚನಗಳಲ್ಲಿ ವರ್ಷವೂ ಕೇಳುತ್ತೇವೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನ-ನೀರು ತಡೆಯುವುದು. ಇವನ್ನು ಕೇಳುವಾಗ ನಮಗೆ ನೆನಪಾಗುವುದು ಗಾಡಿಯ ಎತ್ತು, ಹೊರೆಯ ಕತ್ತೆ. ಈಗ ಎತ್ತುಗಾಡಿ ಇಲ್ಲ, ಆದ್ದರಿಂದ ನಮಗೆ ಈ ಅತಿಚಾರಗಳೂ ಇಲ್ಲ ಎಂಬ ಭಾವನೆ. ಅಂಗಳದ ಮೂಲೆಯ ಸರಪಳಿಯನ್ನು ಒಮ್ಮೆ ನೋಡಿ. ಮೊದಲನೆಯದು ಅಲ್ಲಿದೆ. ಎರಡನೆಯದು ಬಾಗಿಲ ಸಂದಿಯ ಬೆತ್ತದಲ್ಲಿದೆ. "ಇವತ್ತು ಅದಕ್ಕೆ ಊಟ ಹಾಕಬೇಡಿ, ಬುದ್ಧಿ ಬರಲಿ" ಎಂಬ ಮಾತಿನಲ್ಲಿ ಐದನೆಯದಿದೆ.

ಆತಂಕದ ನಾಯಿಯನ್ನು ಕಟ್ಟಿಹಾಕಿದರೆ, ಸಣ್ಣ ಗೂಡಿನಲ್ಲಿ ಕೂಡಿದರೆ ಭಯ ಇಮ್ಮಡಿಯಾಗುತ್ತದೆ. ಸರಪಳಿ ಜಗ್ಗಿ ಕೊರಳು ಗಾಯ ಮಾಡಿಕೊಂಡ, ಗೂಡಿನ ಸರಳು ಕಚ್ಚಿ ಹಲ್ಲು ಮುರಿದುಕೊಂಡ ನಾಯಿಗಳನ್ನು ಪಶುವೈದ್ಯರು ನೋಡುತ್ತಿರುತ್ತಾರೆ. ಶಾಸ್ತ್ರ ಬೇಡ ಎನ್ನುವವರಿಗೆ ಕಾನೂನೂ ಇದೆ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಪ್ರಾಣಿಯನ್ನು ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಅಕಾರಣವಾಗಿ ಬಹಳ ಹೊತ್ತು ಕಟ್ಟಿಡುವುದು, ಸದಾ ಕಟ್ಟಿರುವ ನಾಯಿಯನ್ನು ನಡೆದಾಡಿಸದೆ ಬಿಡುವುದು, ಹಸಿವು-ನೀರಡಿಕೆಗೆ ಈಡಾಗುವಂತೆ ತೊರೆದುಬರುವುದು ಎಲ್ಲವೂ ಅಪರಾಧ. ಆ ಗೋಣಿಚೀಲದ ಪ್ರಯಾಣಕ್ಕೆ ಕಾನೂನಿನಲ್ಲೂ ಜಾಗವಿಲ್ಲ. ಸಾಕಿದ ನಾಯಿ ಬೀದಿಗೆ ಬಿದ್ದರೆ ಬೀದಿನಾಯಿಗಳ ನಡುವೆ ಅದಕ್ಕೆ ಬದುಕಲು ಬಾರದು. ವರ್ಷದ ರೇಬಿಸ್ ಚುಚ್ಚುಮದ್ದು ತಪ್ಪಿದರೆ ಊರಿನ ಮಕ್ಕಳಿಗೂ ಅಪಾಯ.

ಒಂಟಿತನಕ್ಕೆ ಜೊತೆಯಿರಲಿ ಎಂದು ಇನ್ನೊಂದು ಮರಿ ತರುವವರೂ ಇದ್ದಾರೆ. ನಾಯಿ ಹಂಬಲಿಸುವುದು ಮನುಷ್ಯರಿಗಾಗಿ. ಆದ್ದರಿಂದ ಹಲವು ಸಲ ಒಂದರ ಬದಲು ಎರಡು ಊಳಿಡುತ್ತವೆ, ಅಷ್ಟೆ. ಅಜ್ಜಿಯ ನಿದ್ರೆ ಮಾತ್ರೆಯಲ್ಲಿ ಅರ್ಧ ಮುರಿದು ಕೊಡುವ ಸಾಹಸವಂತೂ ಖಂಡಿತ ಬೇಡ. ಆತಂಕ ವಿಪರೀತವಾದ ನಾಯಿಗಳಿಗೆಂದೇ ಔಷಧಗಳಿವೆ. ಕ್ಲೊಮಿಪ್ರಮಿನ್ ಎಂಬುದಕ್ಕೆ ಅಮೆರಿಕದಲ್ಲಿ 1998ರಲ್ಲಿ, ಫ್ಲೂಆಕ್ಸೆಟಿನ್ ಎಂಬುದಕ್ಕೆ 2007ರಲ್ಲಿ ಇದೇ ಕಾರಣಕ್ಕೆ ಅನುಮತಿ ದೊರೆಯಿತು. ಕೊಡುವುದು, ಬಿಡುವುದು ಪಶುವೈದ್ಯರ ನಿರ್ಧಾರ. ಅದನ್ನು ಕೊಟ್ಟರೂ ಮೇಲೆ ಹೇಳಿದ ಅಭ್ಯಾಸ ತಪ್ಪದು. ಮದ್ದು ಭಯವನ್ನು ತಗ್ಗಿಸುತ್ತದೆ, ವಿಶ್ವಾಸವನ್ನು ಕಲಿಸುವುದು ನಾವೇ.

ಯಾತ್ರೆಗೆ ಹೋಗುವವರೂ ಇದನ್ನು ಮನಸ್ಸಿನಲ್ಲಿಡಬೇಕು. 2024ರಲ್ಲಿ ವೇಣೂರಿನ ಮಹಾಮಸ್ತಕಾಭಿಷೇಕಕ್ಕೆ ನಮ್ಮ ಕಡೆಯಿಂದ ಅನೇಕ ಕುಟುಂಬಗಳು ಹೋಗಿದ್ದವು. ಹಾಗೆ ಮನೆಮಂದಿಯೆಲ್ಲ ಹೊರಡುವಾಗ ನಾಯಿಯನ್ನು ತೋಟದಾಳಿಗೆ ಒಪ್ಪಿಸಿ ಹೋದರೆ ಸಾಲದು. ಒಂದು ತಿಂಗಳ ಮೊದಲಿನಿಂದಲೇ ಆತನ ಕೈಯಲ್ಲಿ ಊಟ ಹಾಕಿಸಿ, ನಡೆದಾಡಿಸಿ, ಒಂದೆರಡು ರಾತ್ರಿ ಆತನ ಜೊತೆ ಬಿಟ್ಟು ನೋಡಿ. ನಿಮ್ಮ ಹಳೆಯ ಪಂಚೆಯೋ ಸೀರೆಯೋ ಅದರ ಚಾಪೆಯ ಮೇಲಿರಲಿ. ವಾಸನೆಯ ಲೋಕದಲ್ಲಿ ಬದುಕುವ ಜೀವಕ್ಕೆ ಅದೂ ಒಂದು ಆಸರೆ.

ಇಷ್ಟೆಲ್ಲ ಮಾಡಲು ಯಾರಿಗೆ ಪುರುಸೊತ್ತು ಎಂದು ಕೇಳುವವರಿಗೆ ಒಂದೇ ಉತ್ತರ. ಮೊದಲ ವಾರದ ಅಭ್ಯಾಸಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಇದನ್ನು ಮನೆಯ ಮಕ್ಕಳಿಗೇ ವಹಿಸಿ. ಎಷ್ಟು ನಿಮಿಷ ಹೊರಗಿದ್ದೆವು, ನಾಯಿ ಏನು ಮಾಡಿತು ಎಂದು ಹಳೆಯ ಡೈರಿಯಲ್ಲಿ ಬರೆದಿಡಲಿ. ಲೆಕ್ಕ ಬರೆಯುವ ಅಭ್ಯಾಸವೂ ಆಯಿತು. ಎದುರಿನ ಜೀವದ ಭಯ ಯಾವುದು ಎಂದು ನೋಡಿ, ಅದು ಏರುವ ಮೊದಲೇ ಮರಳಿ ಬರುವ ಅಭ್ಯಾಸ ಒಂದು ಮಗುವಿಗೆ ಬಂದರೆ ಅಹಿಂಸೆಯ ಪಾಠಕ್ಕೆ ಬೇರೆ ಪುಸ್ತಕ ಬೇಕಾಗುವುದಿಲ್ಲ.

ಕ್ಷಮಾವಣಿಯ ದಿನ ನಾವು ಬಂಧುಗಳಲ್ಲಿ, ಗಿರಾಕಿಗಳಲ್ಲಿ, ಮುನಿಸಿಕೊಂಡ ನೆರೆಯವರಲ್ಲಿ ಕ್ಷಮೆ ಕೇಳುತ್ತೇವೆ. ಸಕಲ ಜೀವಗಳಲ್ಲೂ ಕೇಳುತ್ತೇವೆ. ಮಾತಿನಲ್ಲಿ ಕೇಳಿದರೆ ಅರ್ಥವಾಗದ ಜೀವವೊಂದು ನಮ್ಮ ಬಾಗಿಲ ಹಿಂದೆಯೇ ಇದೆ. ಅದಕ್ಕೆ ಅರ್ಥವಾಗುವುದು ಹೇಳಿದ ಹೊತ್ತಿಗೆ ಮರಳಿ ಬಂದು ಬಾಗಿಲು ತೆರೆಯುವುದು ಮಾತ್ರ.

ಜೈ ಜಿನೇಂದ್ರ.